ಗೈರು ಎಂದು ಬರೆದವರ ಹೆಬ್ಬೆಟ್ಟು

ಮಾರ್ಚ್ ೩, ಬೆಳಗ್ಗೆ

ಸ್ಟೇಷನ್ನಿನ ಆಂಟೆನಾ ತಿರುಗದೆ ಮತ್ತೆ ಕಚ್ಚಿಕೊಂಡಿತು. ಗ್ರೀಸ್ ಕೇಳಿದರೆ ಸಾಹೇಬರದು ಒಂದೇ ಮಾತು, ನೋಡೋಣ. ಅವರ ರೂಮಿನ ಏಸಿ ಕೆಟ್ಟರೆ ಮಾತ್ರ ಯಾವ ನೋಡೋಣವೂ ಇಲ್ಲ.

ಮೆಕ್ಯಾನಿಕ್ ಸ್ಪ್ಯಾನರ್ ತರಲು ಹೋದ. ಆಂಟೆನಾ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು. ರಿಸೀವರ್ ಆಫ್ ಮಾಡಬೇಕಿತ್ತು... ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಟಿಕ್ ಟಿಕ್. ತಿಗಣೆಯ ದನಿ.

ತಿಗಣೆ ಎಂದರೆ ನಮ್ಮ ಪುಟ್ಟ ಉಪಗ್ರಹ. ಬೂಟಿನ ಡಬ್ಬಿಯಷ್ಟು. ಕಡಲ ನಡುವೆ ಕಂಪನಿಯ ಎಣ್ಣೆಬಾವಿಯ ಅಟ್ಟಣೆ ಇದೆ. ಅದರ ಮೇಲೆ ಹಾಯುವಾಗ ಸಂದೇಶ ಎತ್ತಿಕೊಂಡು, ನಮ್ಮ ನೆತ್ತಿಗೆ ಬಂದಾಗ ಸುರಿಯುತ್ತದೆ. ಡಿಸೆಂಬರಿನಲ್ಲಿ ಚಂಡಮಾರುತ ಬಂದ ವಾರ ಅದರ ದನಿ ನಿಂತಿತು. ಸತ್ತಿತು ಎಂದು ಬರೆದೆವು. ಅಟ್ಟಣೆಯೂ ಹೋಯಿತು, ಜನರೂ ಹೋದರು ಎಂದು ಕಂಪನಿ ಬರೆಯಿತು.

ಅಟ್ಟಣೆಯ ಮೇಲೆ ನನ್ನ ಅಣ್ಣ ಇದ್ದ.

ಮಾರ್ಚ್ ೪

ಗೊತ್ತಾಯಿತು. ಒಂದೇ ರಾಕೆಟ್ಟಿನಲ್ಲಿ ಹೋದ ಮರಿ ಉಪಗ್ರಹಗಳು, ಒಂದರ ಬೆನ್ನಿಗೆ ಒಂದು ಓಡುತ್ತವೆ. ಆಂಟೆನಾ ಯಾವಾಗ ಯಾವುದರತ್ತ ತಿರುಗಬೇಕೆಂಬ ಪಟ್ಟಿಯಲ್ಲಿ ಎರಡರ ಹೆಸರು ಅದಲುಬದಲಾಗಿವೆ. ಪಕ್ಕದ ಮನೆಯ ಬಾಗಿಲು ತಟ್ಟಿ, ಇವನು ಓಗೊಡಲಿಲ್ಲ, ಸತ್ತ ಎಂದಿದ್ದೇವೆ!

ತಿಗಣೆಯ ಹೊಟ್ಟೆಯಲ್ಲಿದ್ದುದು ಹಾಜರಿ. ಅಟ್ಟಣೆಯಲ್ಲಿ ಕೂಲಿಯವರು ಪಾಳಿಗೊಮ್ಮೆ ಪೆಟ್ಟಿಗೆಯ ಗಾಜಿಗೆ ಹೆಬ್ಬೆಟ್ಟು ಒತ್ತಬೇಕು. ಬೆಂಕಿ ಬಿದ್ದರೆ ಕೂಗಲು ಲೈನಿಲ್ಲ. ಒಬ್ಬ ತಡವಾಗಿ ಬಂದರೆ ಚಾಡಿ ಹೇಳಲು ಆಕಾಶದಲ್ಲಿ ಉಪಗ್ರಹ. ಹೋದ ವರ್ಷ ವೆಲ್ಡರ್ ಕಾಣೆಯಾದಾಗ, ಕೆಲಸ ಬಿಟ್ಟು ಓಡಿಹೋದ ಎಂದು ಗೈರು ಹಾಕಿದರು. ಕಡಲ ನಡುವಿನಿಂದ ಯಾವ ಬಸ್ಸು ಹತ್ತಿದನೋ.

ಚಂಡಮಾರುತದ ನಂತರವೂ ದಿನಾ ಹೆಬ್ಬೆಟ್ಟು ಬಂದಿದೆ. ಒಬ್ಬನದೇ. ಎರಡೆರಡು ಸಲ.

ಅಣ್ಣ ಯಾವಾಗಲೂ ಎರಡು ಒತ್ತುತ್ತಿದ್ದ. ಒಂದು ಧಣಿಗೆ, ಒಂದು ಈ ಕಡೆ ಕೂತ ತಂಗಿಗೆ ಅನ್ನುತ್ತಿದ್ದ.

ಮಾರ್ಚ್ ೫

ಸಾಹೇಬರು ಕೂರಿಸಿ ಸಮಾಧಾನ ಹೇಳಿದರು. ತಿಗಣೆ ಹಳೇ ಹಾಜರಿಯನ್ನೇ ಕಕ್ಕುತ್ತಿದೆಯಂತೆ, ಗಡಿಯಾರ ಕೆಟ್ಟಿರಬಹುದಂತೆ. ತಿಗಣೆಯನ್ನು ಪೂರ್ತಿ ಆರಿಸುವ ಆರ್ಡರ್ ಮೇಲಿನಿಂದ ಬರಲಿದೆಯಂತೆ. ಹಾಗಾದರೆ ದೋಣಿ ಕಳಿಸಿ ನೋಡಿ ಎಂದೆ. ಡೀಸೆಲ್ಲಿನ ಮಾತೆತ್ತಿದರು. ಥೂ.

ಅತ್ತಿಗೆಗೆ ಹೇಳಿದೆ. ಅಳಲಿಲ್ಲ. ಸ್ಟವ್ ಆರಿಸಿ ಬಂದು ಕೂತಳು. ಇವತ್ತೂ ಒತ್ತಿದರಾ ಎಂದು ಮಾತ್ರ ಕೇಳಿದಳು.

ಮಾರ್ಚ್ ೬

ಅಟ್ಟಣೆಯ ಹಾಜರಿ ಪೆಟ್ಟಿಗೆಗೆ ಒಂದು ಸಾಲು ಬರೆಯುವಷ್ಟು ಪರದೆ ಇದೆ, ಕಂಪನಿ ಕೂಲಿಯವರನ್ನು ಬೈಯಲು. ಯಾರನ್ನೂ ಕೇಳದೆ ತಿಗಣೆಗೆ ಸಾಲು ಏರಿಸಿದೆ: ಅಣ್ಣಾ, ನಾನು. ಇದ್ದರೆ ಮೂರು ಒತ್ತು.

ಮಾರ್ಚ್ ೭

ಮೂರು.

ಮಾರ್ಚ್ ೮

ದೋಣಿ ಹೊರಡುವವರೆಗೆ ಇಲ್ಲಿ ಒಂದು ಆಂಟೆನಾವೂ ತಿರುಗುವುದಿಲ್ಲ ಎಂದು ಹೇಳಿಬಿಟ್ಟೆವು. ಮೆಕ್ಯಾನಿಕ್ ಎಲ್ಲ ಮೋಟಾರುಗಳ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ, ತಿಗಣೆಯ ಆಂಟೆನಾದ್ದು ಬಿಟ್ಟು. ಉಳಿದ ಆಂಟೆನಾಗಳನ್ನು ನಂಬಿದ ಟಿವಿಯವರ ಫೋನು, ಬ್ಯಾಂಕಿನವರ ಫೋನು. ಸಾಹೇಬರು ಮೊದಲು ಬೆದರಿಸಿದರು, ಆಮೇಲೆ ಕೈಮುಗಿದರು. ಸಂಜೆಗೆ ದೋಣಿ ಹೊರಟಿತು. ಡೀಸೆಲ್ ಎಲ್ಲಿಂದ ಹುಟ್ಟಿತೋ.

ಮಾರ್ಚ್ ೧೭

ದೋಣಿ ಬಂತು.

ಅಟ್ಟಣೆ ಇಲ್ಲ. ನೀರಿನ ಮೇಲೆ ನಾಲ್ಕು ಕಾಲು ನಿಂತಿವೆ ಅಷ್ಟೇ. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವೂ ಇಲ್ಲ ಎಂದರು. ಒಂದು ಕಾಲಿಗೆ ಹಾಜರಿ ಪೆಟ್ಟಿಗೆ ನೇತಾಡುತ್ತಿತ್ತಂತೆ. ಮೊನ್ನೆಯೇ ಕಳಚಿ ದೋಣಿಗೆ ಹಾಕಿಕೊಂಡು ತಂದಿದ್ದಾರೆ. ಈಗ ನನ್ನ ಟೇಬಲ್ ಮೇಲಿದೆ. ಒಳಗೆ ಬ್ಯಾಟರಿ ಇಲ್ಲ. ಗಾಜಿನ ಮೇಲೆ ಉಪ್ಪು ದಪ್ಪಗೆ ಕೂತಿದೆ. ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಬೋಳು.

ನಿನ್ನೆ ಮೂರು ಬಂದಿತ್ತು. ಇವತ್ತೂ.

ಸಾಹೇಬರು ಈಗ ಹಳೇ ಹಾಜರಿ ಎನ್ನುವುದಿಲ್ಲ. ಈ ರೂಮಿಗೇ ಬರುವುದಿಲ್ಲ.

ಮಾರ್ಚ್ ೧೮, ಸಂಜೆ

ಆರಿಸುವ ಆರ್ಡರ್ ಬಂತು. ತಿಗಣೆ ಈ ಸಲ ನೆತ್ತಿಗೆ ಬಂದಾಗಲೇ ಅದನ್ನು ಮೇಲಕ್ಕೆ ಕಳಿಸಬೇಕು. ಕಳಿಸಿದರೆ ತಿಗಣೆ ಮತ್ತೆ ಏಳುವುದಿಲ್ಲ. ಅಣ್ಣನೂ.

ಅತ್ತಿಗೆಯನ್ನು ಕರೆದುಕೊಂಡು ಬಂದೆ. ಪೆಟ್ಟಿಗೆಯ ಮುಂದೆ ಕೂತಳು, ಮುಟ್ಟಲಿಲ್ಲ. ಆರಿಸಿಬಿಡಲೇ, ನಿನಗೂ ಬಿಡುಗಡೆಯಾದೀತು ಎಂದೆ.

"ದಿನಾ ಹಾಜರಿ ಹಾಕೋರನ್ನ ಗೈರು ಅನ್ನೋಕೆ ನೀನ್ಯಾರೇ? ನೀನೂ ಕಂಪನಿಯೋಳಾ?"

ಆರಿಸಲಿಲ್ಲ. ಇನ್ನೊಂದು ಸಾಲು ಏರಿಸಿದೆ: ಅಣ್ಣಾ, ನೀನೊಬ್ಬನೇನಾ?

ಟಿಕ್ ಟಿಕ್. ನಾಳೆಯವರೆಗೆ ಕಾಯಿಸಲಿಲ್ಲ, ಕೂಡಲೇ. ಅಣ್ಣನದು, ಮೂರು. ಅಟ್ಟಣೆಯ ಅಡುಗೆಯವನದು, ಮೂರು. ಆ ಪಾಳಿಯವರೆಲ್ಲರದು. ಆಮೇಲೆ ವೆಲ್ಡರನದು — ಓಡಿಹೋದವನದು! ಆಮೇಲೆ ನಾನು ಕೆಲಸಕ್ಕೆ ಸೇರುವ ಮೊದಲಿನ ಕೂಲಿಯವರ ನಂಬರುಗಳು... ಎಷ್ಟು ಜನರನ್ನು ನುಂಗಿದ್ದಾರೆ ಇವರು.

ತಿಗಣೆ ದಿಗಂತದಾಚೆ ಮುಳುಗಿತು. ಆಂಟೆನಾದ ಎದುರು ಬರೀ ನೆಲ, ಮರ. ಟಿಕ್ ಟಿಕ್ ನಿಂತಿಲ್ಲ. ಅತ್ತಿಗೆ ಗಟ್ಟಿಯಾಗಿ ನಂಬರ್ ಓದುತ್ತಿದ್ದಾಳೆ. ಒಂದೊಂದೇ ಬರೆದುಕೊಳ್ಳುತ್ತಿದ್ದೇನೆ, ಒಬ್ಬರೂ ತಪ್ಪಬಾರದು, ಹಾಜರ್, ಹಾಜರ್, ಹಾ