ಹೂವಿನ ಕಾಲದ ಗಡಿಗೆ

ಹೊಂಗಡಹಳ್ಳ
23 ಮಾರ್ಚ್ 2025, ಭಾನುವಾರ

ಪ್ರೀತಿಯ ಲಕ್ಷ್ಮಿಗೆ,

ಗರ್ಟ್ರೂಡ್ ಅಮ್ಮನ ಆಶೀರ್ವಾದಗಳು. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬಲಗೈ ಮಣಿಕಟ್ಟು ಉಳುಕಿತ್ತು ಎಂದರೆ ನೀನು ನಂಬಿಬಿಡುತ್ತೀಯ, ಆದರೆ ಅದು ಜನವರಿಯಲ್ಲೇ ಸರಿಹೋಗಿತ್ತು. ಎರಡು ಸಲ ಬರೆಯಲು ಕೂತು ಎದ್ದೆ. ಫೋನ್ ಮಾಡೋಣವೆಂದರೆ ನಮ್ಮ ಗುಡ್ಡದ ಸಿಗ್ನಲ್ ನಿನಗೆ ಗೊತ್ತೇ ಇದೆ. ಪಲ್ಪರ್ ಶೆಡ್ಡಿನ ಹಿಂದೆ ನಿಂತು ಕೂಗಬೇಕು, ರಾಯಚೂರಿನಲ್ಲಿರುವ ನಿನಗೆ ಕೇಳಿಸುವ ಮೊದಲು ಕೂಲಿಯವರ ಇಡೀ ಲೈನಿಗೆ ಕೇಳಿಸಿರುತ್ತದೆ.

ನಿನ್ನ ಹಾಸ್ಟೆಲಿನ ಹುಡುಗಿಯರು ಬೆಳಿಗ್ಗೆ ಎದ್ದರೆ ಬಕೆಟ್ ನೀರಿಗಾಗಿ ಜಡೆ ಹಿಡಿದು ಜಗಳವಾಡುತ್ತಾರೆ, ವಾರ್ಡನ್ ಆಗಿ ಬಿಡಿಸಿ ಬಿಡಿಸಿ ಸಾಕಾಯಿತು ಎಂದು ಬರೆದಿದ್ದೆ. ಇಲ್ಲಿ ನಾವೂ ಅದನ್ನೇ ಮಾಡಿದ್ದೇವೆ. ನಮಗೆ ಜಡೆ ಇಲ್ಲ, ಅಷ್ಟೇ ವ್ಯತ್ಯಾಸ. ಜಗಳ ಮುಗಿಯಿತು, ಕಾಡಿನಂಚಿನ ನಿನ್ನ ತವರು ಹಾಡಿಯ ಮನೆಗಳಿಗೆ ನೀರು ಬಂತು. ಮೊದಲೇ ಹೇಳಿಬಿಟ್ಟೆ, ಇನ್ನು ನೀನು ನಿಧಾನವಾಗಿ ಓದಬಹುದು.

ರೊಬಸ್ಟಾ ಹೂವಾಗಿದೆ. ಬಾಗಿಲು ತೆಗೆದರೆ ಪರಿಮಳ ಒಳಗೇ ನುಗ್ಗುತ್ತದೆ. ಜೇನುಹುಳುಗಳ ಸದ್ದಿಗೆ ನನ್ನ ಮಗ ಡ್ಯಾನ್ಸ್ಟನ್‌ನ ಮಗು ಬೆಳಗಿನ ನಿದ್ದೆಯಿಂದ ಬೇಗ ಏಳುತ್ತಿದೆ, ಅದಕ್ಕೆ ಸೊಸೆ ಆಲ್ವಿಟಾ ಕಾಫಿ ಗಿಡಕ್ಕೇ ಶಾಪ ಹಾಕುತ್ತಿದ್ದಾಳೆ. ನನಗಂತೂ ಈ ಹದಿನೈದು ದಿನ ಮಂಡಿನೋವೂ ಕಡಿಮೆ. ಸಂತೋಷವಾಗಿದ್ದೇನೆ ಎಂದು ಬರೆಯಲು ನಾಚಿಕೆ ಏಕೆ, ಸಂತೋಷವಾಗಿಯೇ ಇದ್ದೇನೆ.

ಈಗ ನೀರಿನ ವಿಷಯ. ಡ್ಯಾನ್ಸ್ಟನ್ ಎಸ್ಟೇಟ್ ನೋಡಿಕೊಳ್ಳಲು ಶುರುಮಾಡಿದ ಮೇಲೆ ಹಳ್ಳಕ್ಕೆ ದೊಡ್ಡ ಮೋಟಾರು ಹಾಕಿಸಿದ. ಫೆಬ್ರವರಿ ಬಂತೆಂದರೆ ಹೂವಿಗೆ ಸ್ಪ್ರಿಂಕ್ಲರ್ ಬಿಡಬೇಕಲ್ಲ, ಹಗಲೂ ರಾತ್ರಿಯೂ ಎಳೆಯುತ್ತಿದ್ದ. ನಿಮ್ಮ ಹಾಡಿಯ ಮೇಲಿನ ಒರತೆಯಿಂದ ಬರುವ ನೀರೇ ಆ ಹಳ್ಳಕ್ಕೆ ಆಧಾರ. ಹಾಡಿಯವರು ನೀರು ತುಂಬಿಕೊಳ್ಳುವ ಗುಂಡಿ ಎರಡು ವರ್ಷ ಶಿವರಾತ್ರಿಗೆ ಮೊದಲೇ ಬತ್ತಿತು. "ಅವರಿಗೆ ಮನೆ ಮನೆಗೆ ನಲ್ಲಿ ಬಂದಿದೆಯಲ್ಲ ಮಮ್ಮಿ" ಎಂದ ಇವನು. ನಲ್ಲಿ ಬಂದದ್ದು ನಿಜ. ಆದರೆ ನಲ್ಲಿಯ ಟ್ಯಾಂಕಿಗೂ ಅದೇ ಹಳ್ಳದ ನೀರೇ ಹೋಗಬೇಕು. ನಿನ್ನ ಅಮ್ಮ ಈರಮ್ಮ ನಲ್ಲಿಯ ಮೂತಿಗೆ ಬಟ್ಟೆ ಒಣಹಾಕಿದ್ದನ್ನು ನಾನೇ ನೋಡಿದ್ದೇನೆ.

ಕೊನೆಗೆ ನಿನ್ನ ಸೋಮಯ್ಯ ಮಾವ ಹಾಡಿಯವರನ್ನೆಲ್ಲ ಕೂಡಿಸಿ, ಒರತೆ ನಮ್ಮದು, ಅದರ ಮೊದಲ ನೀರಿನ ಹಕ್ಕು ಬುಡಕಟ್ಟಿನ ನಮಗೇ ಬರೆದುಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಅದೇ ಹೊತ್ತಿಗೆ ಹಳ್ಳದ ನೀರನ್ನು ಬೆಳೆಗಾರರಿಗೆ ಹಂಚುವ ಮಾತೂ ಎದ್ದಿತ್ತು. ಹೇಗೆ ಹಂಚುವುದು? ಪಹಣಿಯಲ್ಲಿ ಎಷ್ಟು ಎಕರೆ ಇದೆಯೋ ಅಷ್ಟು ಗಂಟೆ. ಕೇಳಲು ನ್ಯಾಯವಾಗಿಯೇ ಇದೆ. ಹಾಡಿಯವರಿಗೆ ಪಹಣಿಯೇ ಇಲ್ಲವಾದ್ದರಿಂದ ಅವರಿಗೆ ಒಂದು ನಿಮಿಷವೂ ಇಲ್ಲ. ಇಷ್ಟು ಸರಳವಾಗಿ ಜನರನ್ನು ಅಳಿಸಿಹಾಕಬಹುದೆಂದು ನನಗೆ ಎಪ್ಪತ್ತನಾಲ್ಕು ವರ್ಷವಾದರೂ ತಿಳಿದಿರಲಿಲ್ಲ.

ಫೆಬ್ರವರಿ ಕೊನೆಯ ವಾರ ಹಾಡಿಯ ಅಂಗನವಾಡಿಯಲ್ಲಿ ಸಭೆ ಸೇರಿತು. ಬರೆದುಕೊಳ್ಳಲು ರೇವಂತ್ ಎಂಬ ಅಧಿಕಾರಿ ಬಂದಿದ್ದರು. ಸಣ್ಣ ವಯಸ್ಸು, ತಾಳ್ಮೆ ಇದೆ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತು ಎಲ್ಲರ ಮಾತನ್ನೂ ಕೇಳಿದರು. ಹಿಂದಿನಿಂದ ನಡೆದುಬಂದ ಪದ್ಧತಿ ಏನಾದರೂ ಇದ್ದು, ಅದನ್ನು ಎರಡೂ ಕಡೆಯ ಹಿರಿಯರು ಒಪ್ಪಿ ಹೇಳಿದರೆ ಅದನ್ನೇ ಬರೆದು ಮೇಲಕ್ಕೆ ಕಳಿಸುತ್ತೇನೆ ಎಂದರು. ನಮ್ಮ ಕಡೆಯ ಹಿರಿಯಳೆಂದರೆ ಈಗ ನಾನೊಬ್ಬಳೇ. ಹೋಗಬೇಡಿ ಎಂದು ಡ್ಯಾನ್ಸ್ಟನ್ ಹಿಂದಿನ ದಿನವೇ ಹೇಳಿದ್ದ. ನಾನು ಚಪ್ಪಲಿ ಹಾಕಿಕೊಂಡದ್ದು ನೋಡಿ ತಾನೇ ಜೀಪು ತೆಗೆದ.

ಸೋಮಯ್ಯ ಎದ್ದು ನಿಂತು ಗಡಿಗೆಯ ವಿಷಯ ತೆಗೆದರು. ಹೂವಿನ ಕಾಲಕ್ಕೆ ಮೊದಲು, ಪ್ರತಿ ವರ್ಷ ಹಾಡಿಯಿಂದ ಬಂಗಲೆಗೆ ಒಂದು ಮಣ್ಣಿನ ಗಡಿಗೆ ತುಂಬ ಒರತೆಯ ನೀರು ಬರುತ್ತಿತ್ತಲ್ಲ? ಬಾಯಿಗೆ ಕಾಡುಮಾವಿನ ಎಲೆ ಮುಚ್ಚಿ? ಎಷ್ಟೋ ವರ್ಷ ನೀನೇ ಹೊತ್ತು ತಂದಿದ್ದೀಯ. ನಾನು ಮದುವೆಯಾಗಿ ಕರಾವಳಿಯಿಂದ ಈ ಗುಡ್ಡಕ್ಕೆ ಬಂದ ವರ್ಷ ನಮ್ಮತ್ತೆ ಹೇಳಿದ್ದರು, "ಇದು ಹಾಡಿಯವರು ಧಣಿಗಳಿಗೆ ತೋರಿಸುವ ಮರ್ಯಾದೆ, ಖಾಲಿ ಗಡಿಗೆ ಕಳಿಸಬಾರದು" ಎಂದು. ಅದಕ್ಕೇ ಗಡಿಗೆ ತುಂಬ ಅಕ್ಕಿ ಹಾಕಿ, ಮೇಲೊಂದು ಸೀರೆಯನ್ನೋ ಪಂಚೆಯನ್ನೋ ಇಟ್ಟು ಕಳಿಸುತ್ತಿದ್ದೆ. ಕೊಡುವಾಗ ನನ್ನ ಮುಖದಲ್ಲಿ ಎಂಥ ದಯೆ ಇರುತ್ತಿತ್ತೋ ಏನೋ, ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಸೋಮಯ್ಯ ಹೇಳಿದ್ದು ಇಷ್ಟು. "ಮರ್ಯಾದೆಗೆ ತಂದ್ಕೊಡ್ತಿರ್ಲಿಲ್ಲ ಕಣ್ ಸ್ವಾಮಿ. ಒರತೆ ನಮ್ದು. ಹೂವಿನ್ ಕಾಲ ಬಂತು, ನಮ್ ಗುಂಡಿ ತುಂಬೈತೆ, ಇನ್ ನಿಮ್ ಪಾಲು ನೀವ್ ಎತ್ಕಳಿ ಅಂತ ಹೇಳಕ್ಕೆ ಗಡಿಗೆ ಕಳಿಸ್ತಿದ್ವಿ. ಬಂಗ್ಲೇಲಿ ಆ ನೀರ ಕುಡುದ್ರೆ ಒಪ್ಕಂಡಂಗೆ. ಗಡಿಗೆ ಬರೋಗಂಟ ಸಾವ್ಕಾರ್ರು ಇಂಜಿನ್ನು ಮುಟ್ತಿರ್ಲಿಲ್ಲ. ಅಕ್ಕಿ ಹಾಕ್ ಕಳಿಸೋರಲ್ಲ, ಅದು ನೀರಿನ್ ಬಾಡ್ಗೆ."

ರೇವಂತ್ ಪೆನ್ನು ಎತ್ತಿ ನನ್ನ ಕಡೆ ನೋಡಿದರು. ನಾನು ಡ್ಯಾನ್ಸ್ಟನ್ ಕಡೆ ನೋಡಿದೆ. "ಹಾಗಾದ್ರೆ ಇಷ್ಟು ವರ್ಷ ನಾವು ಬಾಡಿಗೆದಾರರಾ?" ಎಂದು ಅವನು ಮೆಲ್ಲಗೆ ಕೇಳಿದ. ಅಲ್ಲೇ ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ನಮ್ಮ ಹಳೆಯ ರೈಟರ್ ಮಹಾದೇವಯ್ಯ, "ಬಾಡ್ಗೆ ಸರಿಯಾಗ್ ಕಟ್ತಿದ್ರಿ ಬಿಡಿ ಸಾರ್, ನಾನೇ ಅಕ್ಕಿ ಅಳ್ದು ಕೊಟ್ಟಿವ್ನಿ" ಎಂದು ಸಮಾಧಾನ ಮಾಡಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಐವತ್ತು ವರ್ಷ ದಾನ ಮಾಡುತ್ತಿದ್ದೇನೆಂದು ಬೀಗಿದವಳಿಗೆ, ಕಟ್ಟುತ್ತಿದ್ದದ್ದು ಬಾಡಿಗೆ ಎಂದು ಊರ ಮುಂದೆ ಗೊತ್ತಾಗುವುದು ಸಣ್ಣ ವಿಷಯವಲ್ಲ. ನಿನಗೆ ಗೊತ್ತಿತ್ತಲ್ಲವೇ ಇದು? ಒಂದು ದಿನವಾದರೂ ಬಾಯಿಬಿಟ್ಟೆಯಾ ಕಳ್ಳಿ?

ಆದರೆ ಯೋಚಿಸುತ್ತಾ ಹೋದಂತೆ ಎಲ್ಲವೂ ಸರಿಹೊಂದಿತು. ನಿನ್ನ ಸಾವ್ಕಾರ್ರು, ನಮ್ಮ ಯಜಮಾನರು ಪಿಯೂಸ್, ಗಡಿಗೆ ಬರುವ ತನಕ ನಿಜಕ್ಕೂ ಇಂಜಿನ್ ಹಾಕಿಸುತ್ತಿರಲಿಲ್ಲ. ಗಿಡ ಬಾಡುತ್ತಿದ್ದರೂ "ಇರು, ಇನ್ನೂ ಹಾಡಿಯಿಂದ ಬಂದಿಲ್ಲ" ಎನ್ನುತ್ತಿದ್ದರು. ಅದು ಅವರ ಮೂಢನಂಬಿಕೆ ಎಂದುಕೊಂಡಿದ್ದೆ. ಅವರಿಗೆ ಅರ್ಥವಾಗಿತ್ತೋ ಅಥವಾ ಅವರಪ್ಪ ಮಾಡಿದ್ದನ್ನು ಮಾಡಿದರೋ, ಈಗ ಕೇಳಲು ಅವರಿಲ್ಲ. ಡ್ಯಾನ್ಸ್ಟನ್ ದೊಡ್ಡ ಮೋಟಾರು ಹಾಕಿಸಿದ ವರ್ಷ ಗಡಿಗೆಗೆ ಕಾಯಲಿಲ್ಲ. ಆ ವರ್ಷದಿಂದ ಗಡಿಗೆಯೂ ಬರಲಿಲ್ಲ. ನಾವು ಮಾತು ಮುರಿದಿದ್ದೆವು, ಮುರಿದದ್ದು ನಮಗೇ ಗೊತ್ತಿರಲಿಲ್ಲ.

ರೇವಂತ್ ಕೇಳಿದರು, "ಅಮ್ಮ, ಇವರು ಹೇಳಿದ್ದು ಸರಿಯೇ? ಗಡಿಗೆ ಬರುತ್ತಿತ್ತೇ?" ಬರುತ್ತಿತ್ತು ಎಂದೆ. "ನಿಮ್ಮ ಯಜಮಾನರು ಅದಕ್ಕೆ ಕಾಯುತ್ತಿದ್ದರೇ?" ಕಾಯುತ್ತಿದ್ದರು ಎಂದೆ. "ಬಂಗಲೆಯಲ್ಲಿ ಆ ನೀರನ್ನು ಕುಡಿಯುತ್ತಿದ್ದಿರಾ?"

"ಕುಡಿಯುತ್ತಿದ್ದೆವು, ಪ್ರತಿ ವರ್ಷವೂ" ಎಂದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಅವರು ಬರೆದುಕೊಂಡು ಓದಿ ಹೇಳಿದರು, ನಾನು ಸಹಿ ಮಾಡಿದೆ. ಸೋಮಯ್ಯ ಹೆಬ್ಬೆಟ್ಟು ಒತ್ತಿದರು.

ಬರವಣಿಗೆ ಮೇಲಕ್ಕೆ ಹೋಗಿದೆ, ಅಲ್ಲಿ ಏನೆನ್ನುತ್ತಾರೋ ಕಾಯಬೇಕು. ಎಕರೆ ಲೆಕ್ಕವೇ ಸರಿ ಎನ್ನುವವರು ಈ ಹಳ್ಳದ ಕೆಳಗೆ ಇನ್ನೂ ಇದ್ದಾರೆ. ಆದರೆ ನಮ್ಮ ಎಸ್ಟೇಟಿನ ಮಟ್ಟಿಗೆ ಅಲ್ಲಿಯೇ ತೀರ್ಮಾನವಾಯಿತು. ಮೊದಲು ಹಾಡಿಯ ಗುಂಡಿ ಮತ್ತು ಟ್ಯಾಂಕು, ಆಮೇಲೆ ಬೆಳಗಿನ ಹೊತ್ತು ಐದು ತಾಸು ನಮ್ಮ ಮೋಟಾರು. ಡ್ಯಾನ್ಸ್ಟನ್ ಎರಡು ದಿನ ಮುಖ ಊದಿಸಿಕೊಂಡಿದ್ದ, "ಮಮ್ಮಿ, ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡೆವು" ಎಂದ. ಮೂರನೆಯ ದಿನ ಹಾಡಿಗೆ ತಾನೇ ಹೋಗಿ ಗುಂಡಿ ತುಂಬಿದೆಯಾ ಎಂದು ನೋಡಿಕೊಂಡು ಬಂದು ಸ್ವಿಚ್ ಹಾಕಿದ. ತೋಟದ ಮೇಲಿನ ಬ್ಲಾಕಿನ ಕಾಲುಭಾಗಕ್ಕೆ ನೀರು ಸಾಲಲಿಲ್ಲ, ಅಲ್ಲಿ ಹೂವು ತೆಳು. ಉಳಿದದ್ದಕ್ಕೆ ಸಾಕಾಯಿತು. ಇನ್ನು ಮುಂದೆ ಮಳೆಗಾಲದ ನೀರು ಹಿಡಿಯಲು ಕೆರೆ ತೋಡಿಸುತ್ತಾನಂತೆ, ಈ ಮಾತು ಇಪ್ಪತ್ತು ವರ್ಷದ ಹಿಂದೆ ಅವನಪ್ಪನಿಗೆ ನಾನು ಹೇಳಿದ್ದೆ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಕೆಮ್ಮು ಕಡಿಮೆ. ಮನೆಯ ಹಿಂದೆ ಸೊಪ್ಪು ಹಾಕಿದ್ದಾಳೆ, ನೀರಿದೆಯಲ್ಲ. ಅರುಣನಿಗೂ ನನ್ನ ಆಶೀರ್ವಾದ ಹೇಳು, ಹೆಂಡತಿಗೆ ಒಂದು ದಿನವಾದರೂ ಅಡುಗೆ ಮಾಡಿ ಹಾಕು ಎಂದೂ ಹೇಳು. ಮೇ ತಿಂಗಳಲ್ಲಿ ರಜೆ ಸಿಕ್ಕರೆ ಖಂಡಿತ ಬನ್ನಿ. ದೇವರು ನಿನ್ನ ಹಾಸ್ಟೆಲಿನ ಅಷ್ಟೂ ಮಕ್ಕಳಿಗೆ ಎರಡೆರಡು ಬಕೆಟ್ ನೀರು ಕೊಡಲಿ, ನಿನಗೆ ನೆಮ್ಮದಿಯ ನಿದ್ದೆ ಕೊಡಲಿ. ಪ್ರಾರ್ಥನೆಯಲ್ಲಿ ನಿನ್ನ ಹೆಸರು ದಿನವೂ ಇರುತ್ತದೆ.

ನಿನ್ನ,
ಗರ್ಟ್ರೂಡ್ ಅಮ್ಮ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯಲಾಗದೆಯೇ ಎರಡು ಸಲ ಎದ್ದುಹೋದದ್ದು.

ನಾವು ಆ ನೀರನ್ನು ಒಂದು ವರ್ಷವೂ ಕುಡಿಯಲಿಲ್ಲ ಲಕ್ಷ್ಮಿ. ನಿಮ್ಮ ಬೆನ್ನು ತಿರುಗಿದ ಕೂಡಲೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದು, ಗಡಿಗೆಯನ್ನು ಬೂದಿ ಹಾಕಿ ತೊಳೆದು ಅಕ್ಕಿ ತುಂಬುತ್ತಿದ್ದೆ. ಕಾಡಿನ ನೀರು, ಮಕ್ಕಳಿಗೆ ಜ್ವರ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಜ್ವರದ ಭಯವಲ್ಲ ಅದು. ನಿಮ್ಮ ಕೈಯ ನೀರು ಎಂಬುದೇ ಕಾರಣ. ನಿನಗೆ ಹನ್ನೊಂದೋ ಹನ್ನೆರಡೋ ಇರುವಾಗ ಒಮ್ಮೆ ಸುರಿಯುತ್ತಾ ತಲೆಯೆತ್ತಿದರೆ ನೀನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಕ್ಕಿ ತುಂಬಿಕೊಟ್ಟ ಮೇಲೆ ಗಡಿಗೆ ಹೊತ್ತುಕೊಂಡು ಹೋದೆ.

ಆಮೇಲೂ ನೀನು ಬರುತ್ತಿದ್ದೆ, ನನ್ನಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೆ, ಆದರೆ ನಮ್ಮ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಲಿಲ್ಲ. ಕಾಫಿ ಕೊಟ್ಟರೆ ಹೊಟ್ಟೆ ತುಂಬಿದೆ ಅಮ್ಮ ಎನ್ನುತ್ತಿದ್ದೆ, ಮೊನ್ನೆ ಮೊನ್ನೆ ಅರುಣನ ಜೊತೆ ಬಂದಾಗಲೂ ಅದನ್ನೇ ಅಂದೆ. ಸಂಕೋಚದ ಹುಡುಗಿ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ನಿನ್ನ ಅಮ್ಮ ಒಂದು ಚೊಂಬು ಒರತೆಯ ನೀರು ತಂದು ನನ್ನ ಮುಂದೆ ಹಿಡಿದಳು. "ಕುಡೀರಿ ಅಮ್ಮೋರೇ, ಬರ್ದಾಗೋಗೈತೆ, ಸುಳ್ಳಾಗ್ಬಾರ್ದು" ಎಂದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಪೂರ್ತಿ ಕುಡಿದೆ. ಅವಳಿಗೆ ನೀನೇ ಹೇಳಿದ್ದೆಯೋ, ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮೇ ತಿಂಗಳಲ್ಲಿ ನೀನು ಬಂದಾಗ ನಾನೊಂದು ಲೋಟ ನೀರು ಕೊಡುತ್ತೇನೆ. ಬೇಡವೆನಿಸಿದರೆ ಬೇಡ ಎನ್ನು, ಯಾಕೆ ಬೇಡ ಎಂದೂ ನನ್ನ ಮುಖಕ್ಕೇ ಹೇಳು. ಹೊಟ್ಟೆ ತುಂಬಿದೆ ಎಂದು ಮಾತ್ರ ಅನ್ನಬೇಡ.