ನಿಮ್ಮವರಾಗಿದ್ರೆ, ಡಾಕ್ಟ್ರೇ?

ಮಾರ್ಚ್ 3, ಬೆಳಿಗ್ಗೆ

ಮುಖ ತೊಳೆದು ಕನ್ನಡಿ ನೋಡಿದೆ. ಕಣ್ಣು ಇನ್ನೂ ಹಳದಿ. ಮೈಯೆಲ್ಲ ನವೆ, ಕೆರೆದು ಕೆರೆದು ಬೆನ್ನು ಉರಿ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯಂತೆ. ಅದು ಪಿತ್ತದ ನಾಳವನ್ನು ಅಮುಕಿ ಹಿಡಿದಿದೆ, ಲಿವರ್‌ಗೂ ತೊಂದರೆ. ತಂಗಿಗೆ ಕಾಗದದಲ್ಲಿ ‘ಸಣ್ಣ ರಿಪೇರಿ’ ಎಂದಷ್ಟೇ ಬರೆದೆ. ಆಯುಷ್ಯವಿಡೀ ರೇಡಿಯೋ ಬಿಚ್ಚಿ ಜೋಡಿಸಿದವನಿಗೆ ಬೇರೆ ಮಾತು ಎಲ್ಲಿಂದ ಬರಬೇಕು?

ಈ ವಾರ್ಡಿನ ಸರ್ಜನ್ ನನ್ನ ತಮ್ಮನ ಮಗಳೇ. ಎಲ್ಲರಿಗೂ ದೊಡ್ಡ ಡಾಕ್ಟರು, ನನಗೆ ಗುಬ್ಬಿ. ಅವಳದೊಂದು ಸಂಶೋಧನೆ ನಡೆದಿದೆ. ಇಂಥ ಆಪರೇಷನ್ ಆದಮೇಲೆ ಹೊಟ್ಟೆಯೊಳಗೆ ಟ್ಯೂಬ್ ಇಟ್ಟು ಹೊಲಿಯಬೇಕೋ, ಇಡದೆ ಹೊಲಿಯಬೇಕೋ? ಇಟ್ಟರೆ ಒಳಗೆ ಸೋರಿದ ರಸ ಹೊರಗೆ ಬರುತ್ತದೆ. ಆದರೆ ಅದೇ ಟ್ಯೂಬಿನಿಂದ ನಂಜಾಗುವುದೂ ಉಂಟು. ಯಾವುದು ಮೇಲು, ಯಾರಿಗೂ ತಿಳಿಯದು. ಒಪ್ಪಿ ಸಹಿ ಹಾಕಿದವರಲ್ಲಿ ಯಾರಿಗೆ ಯಾವುದೆಂದು ಕಂಪ್ಯೂಟರ್ ಹೇಳುತ್ತದೆ — ಚೀಟಿ ಎತ್ತಿದ ಹಾಗೆ.

ಪಕ್ಕದ ಬೆಡ್ಡಿನ ಬಸ್ ಡ್ರೈವರ್ ಸಹಿ ಹಾಕಿದ್ದಾನೆ.

“ಯಜಮಾನ್ರೇ, ನಿಮ್ಮ ಸಹಿ ಯಾವಾಗ?”

“ನನ್ನನ್ನ ಕೇಳೇ ಇಲ್ಲವಲ್ಲಪ್ಪ.”

ನಾನು ಡಾಕ್ಟರ ದೊಡ್ಡಪ್ಪನೆಂದು ಅವನಿಗೆ ಗೊತ್ತು. ಮುಖ ಸಣ್ಣಗಾಯಿತು. “ನಿಮ್ಮವರಾಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ ಅಂತ ಕೇಳ್ದೆ. ಮಾತು ಹಾರಿಸಿಬಿಟ್ರು. ಈಗ ಗೊತ್ತಾಯ್ತು ಬಿಡಿ.”

ಮಗ್ಗುಲು ತಿರುಗಿ ಮಲಗಿದ.

ಅದೇ ದಿನ, ಸಂಜೆ

ಗುಬ್ಬಿ ಬಂದಳು. ಸುತ್ತಿ ಬಳಸದೆ ಕೇಳಿದೆ.

“ನನ್ನನ್ನ ಯಾಕೆ ಬಿಟ್ಟೆ?”

“ನೀನು ಸುಮ್ನಿರು ದೊಡ್ಡಪ್ಪ. ನಿನ್ನ ಆಪರೇಷನ್ ನಮ್ಮ ಸರ್ ಮಾಡ್ತಾರೆ. ಟ್ಯೂಬ್ ಇಡಿ ಅಂತ ಹೇಳಿದೀನಿ.”

“ಅಂದ್ರೆ ಟ್ಯೂಬೇ ಒಳ್ಳೇದು ಅಂತ ಗೊತ್ತು?”

“ಗೊತ್ತಿಲ್ಲ.”

“ಗೊತ್ತಿದ್ರೆ ಡ್ರೈವರಿಗೂ ಹೇಳು. ಗೊತ್ತಿಲ್ದಿದ್ರೆ ನನ್ನನ್ನೂ ಸೇರಿಸು.”

ಗುಬ್ಬಿ ಸ್ಟೆತಾಸ್ಕೋಪನ್ನು ಕೈಗೆ ಸುತ್ತಿದಳು, ಬಿಚ್ಚಿದಳು.

“ಭಯ ಆಗುತ್ತೆ ದೊಡ್ಡಪ್ಪ. ಕಂಪ್ಯೂಟರಲ್ಲಿ ಟ್ಯೂಬ್ ಬೇಡ ಅಂತ ಬಂದು, ನಿನಗೇನಾದ್ರೂ ಆದ್ರೆ… ಆಮೇಲೆ ನಾನು ಈ ಕೆಲಸ ಹೇಗೆ ಮಾಡ್ಲಿ?”

“ಅವನೂ ಯಾರಿಗೋ ದೊಡ್ಡಪ್ಪನೇ ಕಣೇ.”

ಕಣ್ಣೊರೆಸಿಕೊಂಡು ನಕ್ಕಳು. “ನಿನ್ನ ಜೊತೆ ವಾದ ಮಾಡೋದಕ್ಕಿಂತ ಆಪರೇಷನ್ನೇ ಸುಲಭ. ಸಹಿ ನಾನು ತಗೊಳ್ಳೋ ಹಾಗಿಲ್ಲ, ಬೇರೆ ಡಾಕ್ಟ್ರನ್ನ ಕಳಿಸ್ತೀನಿ.”

ಮಾರ್ಚ್ 4

ಸಹಿ ಆಯಿತು. ಡ್ರೈವರ್ ಕತ್ತು ಉದ್ದ ಮಾಡಿ ನೋಡುತ್ತಿದ್ದ. ತನ್ನದನ್ನು ವಾಪಸ್ ತೆಗೆದುಕೊಳ್ಳಬೇಕೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದನಂತೆ.

“ಒಂದೇ ಬಸ್ ಹತ್ತಿದ್ವಿ ಯಜಮಾನ್ರೇ!”

“ನೀನು ಓಡಿಸದಿದ್ರೆ ಸರಿ.”

ನಾಳೆ ನನ್ನ ಆಪರೇಷನ್, ನಾಡಿದ್ದು ಅವನದು. ಹೆದರಿಕೆ ಇಲ್ಲ. … ಸ್ವಲ್ಪ ಇದೆ.

ಮಾರ್ಚ್ 12

ಪೆನ್ನು ಹಿಡಿಯಲು ಇಂದು ಕೈ ಬಂತು. ಅಕ್ಷರ ಇರುವೆ ಸಾಲಿನಂತಿದೆ, ಇರಲಿ.

ಡ್ರೈವರಿಗೆ ಟ್ಯೂಬ್ ಬಂತು. ನನಗೆ ಇಲ್ಲ. ಗುಬ್ಬಿ ಹೆದರಿದ್ದೇ ಆಯಿತು — ಜ್ವರ ಬೇರೆ ಏರಿತು. ಸ್ಕ್ಯಾನ್ ಮಾಡಿಸಿದರು. ಹೊಟ್ಟೆಯಲ್ಲಿ ಏನೂ ಸೋರಿ ನಿಂತಿರಲಿಲ್ಲ, ಎದೆಯಲ್ಲಿ ಕಫ. ಔಷಧಿಗೆ ಇಳಿಯಿತು. ಅಷ್ಟೂ ದಿನ ಗುಬ್ಬಿ ರೌಂಡ್ಸಿಗೆ ಬಂದು ಎಲ್ಲರನ್ನೂ ನೋಡಿದಂತೆ ನನ್ನನ್ನೂ ನೋಡಿ ಹೋದಳು. ಗಟ್ಟಿಗಿತ್ತಿ ಅಂದುಕೊಂಡೆ. ಇವತ್ತು ನರ್ಸಮ್ಮ ಬಾಯಿ ಬಿಟ್ಟಳು:

“ಮೇಡಂ ಊಟಾನೇ ಬಿಟ್ಟಿದ್ರು ಅಜ್ಜಾ.”

ಕರೆಸಿ ಬೈದೆ. “ನನಗೆ ಗಂಜಿ, ನಿನಗೆ ಉಪವಾಸ. ಇಬ್ಬರಲ್ಲಿ ಪೇಷಂಟ್ ಯಾರೇ?”

ಮಾರ್ಚ್ 15, ಬೆಳಿಗ್ಗೆ

ಕಣ್ಣು ಬೆಳ್ಳಗಾಗುತ್ತಿದೆ. ನವೆ ಹೋಯಿತು. ಡ್ರೈವರ್ ತನ್ನ ಟ್ಯೂಬ್ ಹಿಡಿದುಕೊಂಡೇ ವಾರ್ಡೆಲ್ಲ ಸುತ್ತುತ್ತಾನೆ, ಸ್ಟಾಪ್ ಸ್ಟಾಪಿಗೂ ಮಾತು.

ಎದುರು ಬೆಡ್ಡಿಗೆ ಹೊಸ ಪೇಷಂಟ್. ಟೀಚರಂತೆ. ಗುಬ್ಬಿ ಟ್ಯೂಬಿನ ವಿಷಯ ಹೇಳುತ್ತಿದ್ದಾಳೆ. ಯಾವುದು ಮೇಲು ಅಂತ ಇನ್ನೂ ಗೊತ್ತಿಲ್ಲ, ಅನ್ನುತ್ತಿದ್ದಾಳೆ. ಹೌದು, ನಾನು ಬದುಕಿದ ಮಾತ್ರಕ್ಕೆ ಗೊತ್ತಾಗಿಬಿಡುತ್ತದೆಯೇ.

ಟೀಚರ್ ಕೇಳಿಯೇಬಿಟ್ಟರು. “ನಿಮ್ಮವರಾಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?”

ಡ್ರೈವರ್ ಕೆಮ್ಮಿದ.

ಗುಬ್ಬಿ ಮಾತು ಹಾರಿಸಲಿಲ್ಲ. ನನ್ನ ಕಡೆ ತಿರುಗಿದಳು — ಹೇಳಲಾ ಎಂಬಂತೆ. ಟೀಚರೂ ತಿರುಗಿದರು. ತಡಿ ಮಗಳೇ, ತಲೆ ಬಾಚಿಲ್ಲ, ಅಂಗಿ ಗುಂಡಿ ಹಾಕಿಕೊಂಡು ‘ಇವಳ ದೊಡ್ಡಪ್ಪ ನಾನೇ’ ಅಂತ ಕೈ ಎತ್ತುತ್ತೇನೆ.