ಗಂಗಹನುಮಯ್ಯನ ಕಿವಿಯ ಅಳತೆ

೧೨ ಮಾರ್ಚ್ ೨೦೧೪, ಬುಧವಾರ
ಚನ್ನಪಟ್ಟಣ

ಗಂಗಹನುಮಯ್ಯನ ಕಿವಿ ಹಿಡಿದ ಬೆರಳುಗಳನ್ನು ಎಷ್ಟು ಸೋಪು ಹಚ್ಚಿ ತೊಳೆದರೂ ಜಿಡ್ಡು ಹೋಗಿಲ್ಲ. ಥೂ.

ರೇಷ್ಮೆ ನೂಲು ಹುರಿಮಾಡುವ ನಮ್ಮ ಮಿಲ್ಲಿಗೆ ಕೊನೆಗೂ ಇಯರ್‌ಪ್ಲಗ್ ಬಂದಿವೆ. ಕಿವಿಯನ್ನು ಮೇಲಕ್ಕೆಳೆದು, ತೂತಿಗೆ ಅಳತೆಯ ಗುಂಡು ಇಳಿಸಿ, ಸೈಜು ಆರಿಸುವ ಕೆಲಸ ನನ್ನದು. ಬಿಗಿಯಾಯಿತು ಅಂದ ಹೆಂಗಸರನ್ನೆಲ್ಲ ಗದರಿದೆ: "ಬಿಗಿಯಾಗೇ ಇರ್ಬೇಕು ಕಣ್ರಮ್ಮ. ಸಡಿಲಾದ್ರೆ ಸದ್ದು ಒಳೀಕ್ ನುಗ್ತದೆ."

ಕೊನೆಗೆ ಫೋರ್‌ಮನ್ ಗಂಗಹನುಮಯ್ಯ ಬಂದು ಕೂತ. ಅವನದು ದೊಡ್ಡ ಸೈಜು. ಹಾಕಿದ ಕೂಡಲೇ ಮುಖ ಕಿವುಚಿದ. "ಒಸಿ ಸಡಿಲಾಗಿರೋದ್ ಕೊಡವ್ವ."

ಹಿಂದೆ ಇದೇ ಮಿಲ್ಲಿನಲ್ಲಿ ನನ್ನವ್ವ ಕಿವಿಗೆ ಹತ್ತಿ ಇಟ್ಟುಕೊಂಡಾಗ ಕಿತ್ತೆಸೆದವನು ಇವನೇ. "ನಾನ್ ಕರುದ್ರೆ ಕೇಳ್ಬ್ಯಾಡ್ವಾ?" ಅಂದಿದ್ದನಂತೆ. ಈಗ ಅವ್ವನಿಗೆ ಬಸ್ಸಿನ ಹಾರನ್ನೂ ಕೇಳಿಸದು.

ಚಿಕ್ಕ ಸೈಜು ತೆಗೆದು ಮೆಲ್ಲಗೆ ಇಟ್ಟೆ. "ಈಗೆಂಗೈತಣ್ಣ?"

"ಹಾಯಾಗೈತೆ. ನಿನ್ ಹೊಟ್ಟೆ ತಣ್ಣಗಿರ್ಲಿ."

ರಾತ್ರಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಅವ್ವನಿಗೆ ಕೈಸನ್ನೆ ಮಾಡಿ ಹೇಳಿದೆ. ಅವ್ವ ಕೇಳಿದಳು: "ಅವನ್ಗೆ ಇನ್ನೂವೆ ಕಿವಿ ಕೇಳುಸ್ತದಾ?"

ಅವಳ ಕಿವಿಗೆ ಬಾಯಿಟ್ಟು ಕಿರುಚಿದೆ: "ಕೇಳುಸ್ತದೆ ಕಣವ್ವ. ಒಸಿ ದಿನ ತಡಿ."

ಅವ್ವ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.